ನೆಲೆಯೂ ಹೆಸರೂ: ಮಾಹಿತಿಪ್ರಧಾನ ಜಾಲರಚನೆಯ ಇತಿಹಾಸ

೧

ಗ್ರಂಥವೊಂದನ್ನು ಅರಸುವವನ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಬೇಕಾದ ಗ್ರಂಥವು ಯಾವುದು ಎಂಬುದು ಮೊದಲನೆಯದು. ಅದು ಎಲ್ಲಿದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರವು ಹೆಸರು. ಎರಡನೆಯದಕ್ಕೆ ಉತ್ತರವು ನೆಲೆ. ಓಲೆಯ ಪ್ರತಿಗಳ ಕಾಲದಲ್ಲಿ ಈ ಎರಡು ಪ್ರಶ್ನೆಗಳು ಒಂದರಲ್ಲೊಂದು ಬೆರೆತುಹೋಗುವ ಸಂಭವವಿರಲಿಲ್ಲ. ಒಂದೇ ಕಾವ್ಯದ ಪ್ರತಿಗಳು ಮಠದಲ್ಲಿಯೂ ಬಸದಿಯಲ್ಲಿಯೂ ಮನೆಯ ಅಟ್ಟದಲ್ಲಿಯೂ ಇರುತ್ತಿದ್ದುವು. ಪಾಠಾಂತರಗಳ ಮಾತು ಬೇರೆ. ಯಾವ ನೆಲೆಯ ಪ್ರತಿ ದೊರೆತರೂ ಕಾವ್ಯವು ಅದೇ ಹೆಸರಿನ ಕಾವ್ಯವೇ ಆಗಿರುತ್ತಿದ್ದಿತು.

ಇಂದು ಲೋಕವನ್ನೆಲ್ಲ ಹೆಣೆದಿರುವ ಇಂಟರ್‌ನೆಟ್ ಎಂಬ ಮಹಾಜಾಲದ ಒಳಗಣ ಕಟ್ಟು ಇದಕ್ಕೆ ವಿಪರೀತವಾದುದು. ಅದರಲ್ಲಿ ಓದುಗನು ಕೇಳುವುದು ಒಂದು ಲೇಖನವನ್ನು. ಜಾಲವು ತಿಳಿದುಕೊಳ್ಳುವುದು ಒಂದು ಯಂತ್ರದ ವಿಳಾಸವನ್ನು. ಆ ಲೇಖನದ ಪ್ರತಿಯು ಪಕ್ಕದ ಕೊಠಡಿಯ ಯಂತ್ರದಲ್ಲಿಯೇ ಇದ್ದರೂ ಜಾಲಕ್ಕೆ ಅದು ಗೊತ್ತಾಗುವಂತಿಲ್ಲ. ವಿಳಾಸವು ಸಮುದ್ರದಾಚೆಯದಾದರೆ ಅಲ್ಲಿಂದಲೇ ತರಿಸಬೇಕು. ಆ ಯಂತ್ರವು ಕೆಟ್ಟರೆ, ಇಲ್ಲವೆ ಅದರ ಒಡೆಯನು ಕಡತವನ್ನು ಬೇರೆಡೆಗೆ ಸರಿಸಿದರೆ, ಲೋಕದಲ್ಲಿ ನೂರು ಪ್ರತಿಗಳಿದ್ದರೂ ಓದುಗನ ಪಾಲಿಗೆ ಲೇಖನವು ಇಲ್ಲದಂತೆಯೇ.

ಈ ವೈಪರೀತ್ಯವನ್ನು ಹೋಗಲಾಡಿಸಿ, ಯಂತ್ರಗಳ ನೆಲೆಗೆ ಬದಲಾಗಿ ಮಾಹಿತಿಯ ಹೆಸರನ್ನೇ ಜಾಲಕ್ಕೆ ಅಡಿಗಲ್ಲನ್ನಾಗಿ ಮಾಡಬೇಕೆಂಬ ಪ್ರಯತ್ನಕ್ಕೆ ಮಾಹಿತಿಪ್ರಧಾನ ಜಾಲರಚನೆಯೆಂದು ಹೆಸರು. ಅದರ ಹುಟ್ಟು, ಬೆಳವಣಿಗೆ, ಅದಕ್ಕೆ ಬಂದ ಆಕ್ಷೇಪಗಳು, ಅದು ಕಂಡ ಫಲ, ಇವುಗಳನ್ನು ಕ್ರಮವಾಗಿ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ವಿಷಯವು ಯಂತ್ರಶಾಸ್ತ್ರಕ್ಕೆ ಸೇರಿದುದಾದರೂ ಇದರ ತಿರುಳಿನಲ್ಲಿರುವ ಪ್ರಶ್ನೆಗಳು ಸಾಹಿತ್ಯ ವ್ಯಾಸಂಗಿಗಳಿಗೆ ಹೊಸವಲ್ಲ. ಹೆಸರಿಗೂ ವಸ್ತುವಿಗೂ ಇರುವ ಸಂಬಂಧವೇನು, ಕೈಗೆ ಬಂದ ಪ್ರತಿಯನ್ನು ಪ್ರಮಾಣವೆಂದು ನಂಬುವುದು ಹೇಗೆ, ಪ್ರತಿಗಳನ್ನು ಕಾಯುವ ಭಾರವು ಯಾರದು ಎಂಬ ಪ್ರಶ್ನೆಗಳೇ ಅವು.

೨

ಜಾಲದ ರಚನೆಯಲ್ಲಿ ನೆಲೆಯ ಪ್ರಶ್ನೆಯೇ ಮುಂದಾದುದಕ್ಕೆ ಕಾರಣವನ್ನು ಅದು ಹುಟ್ಟಿದ ಕಾಲದ ಅಗತ್ಯಗಳಲ್ಲಿ ಹುಡುಕಬೇಕು. ಅದಕ್ಕೆ ಹಿಂದಿನ ದೂರವಾಣಿಯ ವ್ಯವಸ್ಥೆಯಲ್ಲಿ ಮಾತನಾಡುವ ಇಬ್ಬರ ನಡುವೆ ಒಂದು ತಂತಿಯ ದಾರಿಯನ್ನು ಕೂಡಿಸಿಕೊಡುವುದೇ ಜಾಲದ ಕೆಲಸವಾಗಿದ್ದಿತು. ನಡುವೆ ಒಂದು ಕೊಂಡಿ ಕಳಚಿದರೆ ಮಾತು ನಿಲ್ಲುತ್ತಿದ್ದಿತು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬರಾನರು ೧೯೬೪ರಲ್ಲಿ ಪ್ರಕಟಿಸಿದ ಪ್ರಬಂಧಮಾಲೆಯಲ್ಲಿ ಬೇರೊಂದು ಕ್ರಮವನ್ನು ಸೂಚಿಸಿದರು. ಸಂದೇಶವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದು ತುಂಡಿನ ಮೇಲೂ ಸೇರಬೇಕಾದ ವಿಳಾಸವನ್ನು ಬರೆದು, ತೆರೆದಿರುವ ಯಾವ ದಾರಿಯಿಂದಲಾದರೂ ಹೋಗಲು ಬಿಡಬೇಕೆಂಬುದೇ ಆ ಕ್ರಮ. ಇಂಗ್ಲೆಂಡಿನಲ್ಲಿ ಡೊನಾಲ್ಡ್ ಡೇವೀಸರೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದು ಆ ತುಂಡುಗಳಿಗೆ ಪ್ಯಾಕೆಟ್ ಎಂಬ ಹೆಸರನ್ನು ಕೊಟ್ಟರು. ದೂರವಾಣಿಯಲ್ಲಿ ಮುಖ್ಯವಾಗಿದ್ದುದು ದಾರಿ. ಪ್ಯಾಕೆಟ್ಟಿನ ಜಾಲದಲ್ಲಿ ದಾರಿಯು ಗೌಣವಾಗಿ ಅದರ ತುದಿಯಲ್ಲಿರುವ ವಿಳಾಸವು ಮುಖ್ಯವಾಯಿತು. ಜಾಲಗಳ ಚರಿತ್ರೆಯಲ್ಲಿ ಇದು ಮೊದಲನೆಯ ಪಲ್ಲಟ.

ಈ ತತ್ತ್ವದ ಮೇಲೆ ಕಟ್ಟಿದ ಆರ್ಪಾನೆಟ್ ಎಂಬ ಜಾಲದ ಮೊದಲ ಸಂದೇಶವು ೧೯೬೯ನೆಯ ಇಸವಿ ಅಕ್ಟೋಬರ್ ೨೯ರಂದು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾಲಯಕ್ಕೆ ಹೋಯಿತು. ಎರಡು ಅಕ್ಷರಗಳು ಸೇರುವಷ್ಟರಲ್ಲಿ ಆ ಕಡೆಯ ಯಂತ್ರವು ನಿಂತುಹೋದುದು ಪ್ರಸಿದ್ಧವಾದ ಸಂಗತಿ. ಆ ವರ್ಷದ ಕೊನೆಗೆ ಜಾಲದಲ್ಲಿದ್ದ ಕೇಂದ್ರಗಳು ೪. ಆಗ ಕಂಪ್ಯೂಟರುಗಳು ಬಹು ಬೆಲೆಯವು, ಎಣಿಕೆಗೆ ಸಿಕ್ಕುವಷ್ಟೇ ಇದ್ದುವು. ಒಂದು ಊರಿನ ವಿದ್ವಾಂಸನು ಮತ್ತೊಂದು ಊರಿನ ಯಂತ್ರವನ್ನು ದೂರದಿಂದಲೇ ಬಳಸುವಂತಾಗಬೇಕೆಂಬುದು ಜಾಲದ ಮುಖ್ಯ ಪ್ರಯೋಜನವಾಗಿದ್ದಿತು. ಬೇಕಾಗಿದ್ದುದು ಯಂತ್ರವೇ ಆದುದರಿಂದ ಯಂತ್ರದ ನೆಲೆಯನ್ನು ಕೇಳುವುದೇ ಅಂದಿಗೆ ಸರಿಯಾದ ಪ್ರಶ್ನೆ. ಹೆಸರಿನ ಪ್ರಶ್ನೆಯನ್ನು ಅವರು ಮರೆತರೆಂದು ದೂಷಿಸುವುದು ನ್ಯಾಯವಲ್ಲ.

ಇನ್ನೊಂದು ಕಾರಣವನ್ನೂ ಇಲ್ಲಿ ಗಮನಿಸಬೇಕು. ಪ್ಯಾಕೆಟ್ಟುಗಳನ್ನು ಮುಂದಕ್ಕೆ ಸಾಗಿಸುತ್ತಿದ್ದ ನಡುವಣ ಯಂತ್ರದ ಸ್ಮೃತಿಯು ಅಂದು ಸುಮಾರು ೨೪,೦೦೦ ಬೈಟುಗಳಷ್ಟು ಮಾತ್ರ. ಇಂದಿನ ಸಂಕೇತಕ್ರಮದಲ್ಲಿ ಬರೆದ ಕನ್ನಡದ ಒಂದು ದೀರ್ಘ ಲೇಖನವೂ ಅದರಲ್ಲಿ ಹಿಡಿಸಲಾರದು. ತನ್ನ ಕೈಹಾಯ್ದು ಹೋದುದರ ಪ್ರತಿಯನ್ನು ಇಟ್ಟುಕೊಳ್ಳುವ ಶಕ್ತಿಯೇ ಇಲ್ಲದ ಯಂತ್ರಕ್ಕೆ, ಹೋದುದು ಏನೆಂಬ ತಿಳಿವಳಿಕೆಯಿಂದ ಪ್ರಯೋಜನವೇನು? ಕೊಟ್ಟುದನ್ನು ಮುಂದಿನವನಿಗೆ ದಾಟಿಸಿ ಮರೆತುಬಿಡುವುದೇ ಅದರ ಧರ್ಮವಾಯಿತು. ಸ್ಮೃತಿಯು ಅಗ್ಗವಾದ ಮೇಲೆಯೂ ಆ ಧರ್ಮವು ಹಾಗೆಯೇ ಉಳಿಯಿತು.

೩

ಹೆಸರು ಬೇರೆ, ವಿಳಾಸ ಬೇರೆ, ಮಾರ್ಗ ಬೇರೆ ಎಂಬ ವಿವೇಚನೆಯು ಜಾಲನಿರ್ಮಾಪಕರಿಗೆ ತಿಳಿಯದ ವಿಷಯವಾಗಿರಲಿಲ್ಲ. ಜಾನ್ ಶೋಚ್ ಎಂಬವರು ೧೯೭೮ರಲ್ಲಿ ಈ ಮೂರರ ಲಕ್ಷಣವನ್ನು ಸ್ಪಷ್ಟವಾಗಿ ವಿಂಗಡಿಸಿದರು. ೧೯೮೧ರಲ್ಲಿ ಪ್ರಕಟವಾದ ಇಂಟರ್‌ನೆಟ್ಟಿನ ಮೂಲನಿಯಮಾವಳಿಯು ಈ ವಿಭಾಗವನ್ನು ಒಪ್ಪಿ, ತನ್ನ ವ್ಯವಹಾರವು ಮುಖ್ಯವಾಗಿ ವಿಳಾಸದೊಡನೆಯೆಂದೂ, ಹೆಸರಿನಿಂದ ವಿಳಾಸವನ್ನು ಕಂಡುಕೊಳ್ಳುವ ಕೆಲಸವು ಮೇಲಣ ಪದರಗಳಿಗೆ ಸೇರಿದುದೆಂದೂ ಹೇಳಿತು. ೩೨ ಅಂಕಗಳ ವಿಳಾಸವೇ ಜಾಲದ ಏಕಮಾತ್ರ ಭಾಷೆಯಾಯಿತು. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ೧೯೭೪ರಲ್ಲಿ ರೂಪಿಸಿದ್ದ ವಿಧಾನದಿಂದ ಬೆಳೆದು ಬಂದ ಈ ನಿಯಮಗಳನ್ನು ಆರ್ಪಾನೆಟ್ ೧೯೮೩ನೆಯ ಇಸವಿ ಜನವರಿ ೧ರಂದು ಅಂಗೀಕರಿಸಿತು. ಅದೇ ವರ್ಷ ಪಾಲ್ ಮೊಕಪೆಟ್ರಿಸರು ಹೆಸರುಗಳ ಕೋಶವೊಂದನ್ನು ವಿಧಿಸಿದರು. ಇದರಿಂದ ಅಂಕಗಳ ಬದಲು ಅಕ್ಷರಗಳನ್ನು ಬರೆಯುವುದು ಸಾಧ್ಯವಾಯಿತಾದರೂ ಆ ಹೆಸರುಗಳು ಯಂತ್ರಗಳಿಗೆ ಇಟ್ಟ ಹೆಸರುಗಳೇ ಹೊರತು ಯಂತ್ರದೊಳಗಿನ ಬರೆಹಕ್ಕೆ ಇಟ್ಟವಲ್ಲ.

ಇದೇ ಕಾಲದಲ್ಲಿ ಬೇರೊಂದು ಮೂಲೆಯಲ್ಲಿ ಹೆಸರಿನ ಮಾರ್ಗವು ತಾನಾಗಿಯೇ ಕಾಣಿಸಿಕೊಂಡಿದ್ದಿತು. ಡ್ಯೂಕ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು ೧೯೭೯ರಲ್ಲಿ ಯೋಚಿಸಿ ಮರುವರ್ಷ ನಡೆಯಿಸಿದ ಯೂಸ್‌ನೆಟ್ ಎಂಬ ವಾರ್ತಾವ್ಯವಸ್ಥೆಯಲ್ಲಿ ಪ್ರತಿಯೊಂದು ಬರೆಹಕ್ಕೂ ಬೇರೆಲ್ಲಿಯೂ ಇರದ ಒಂದು ಗುರುತು ಇರುತ್ತಿದ್ದಿತು. ಯಂತ್ರದಿಂದ ಯಂತ್ರಕ್ಕೆ ಬರೆಹಗಳು ಹರಡುವಾಗ, ಆ ಗುರುತಿನ ಬರೆಹವು ತನ್ನಲ್ಲಿ ಆಗಲೇ ಇದ್ದರೆ ಯಂತ್ರವು ಅದನ್ನು ಮತ್ತೆ ತೆಗೆದುಕೊಳ್ಳುತ್ತಿರಲಿಲ್ಲ. ಓದುಗನು ತನ್ನ ಸಮೀಪದ ಯಂತ್ರದಿಂದಲೇ ಓದುತ್ತಿದ್ದನು. ಬರೆಹವು ಹುಟ್ಟಿದ ಯಂತ್ರವು ಅನಂತರ ನಿಂತುಹೋದರೂ ಓದಿಗೆ ಅಡ್ಡಿಯಿರಲಿಲ್ಲ. ತತ್ತ್ವವನ್ನು ಯಾರೂ ಬೋಧಿಸದೆಯೇ ಆಚರಣೆಯಲ್ಲಿ ಬಂದ ಮಾಹಿತಿಪ್ರಧಾನ ವ್ಯವಸ್ಥೆಗೆ ಇದು ಉತ್ತಮವಾದ ನಿದರ್ಶನ.

ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀಯವರು ೧೯೮೯ರಲ್ಲಿ ಸೂಚಿಸಿದ ವಿಶ್ವವ್ಯಾಪಿ ಜಾಲ, ಎಂದರೆ ವೆಬ್, ಬಂದ ಮೇಲೆ ಪ್ರಶ್ನೆಯು ಮತ್ತೆ ಎದ್ದಿತು. ೧೯೯೪ನೆಯ ಇಸವಿ ಡಿಸೆಂಬರಿನಲ್ಲಿ ಎರಡು ನಿಯಮಪತ್ರಗಳು ಒಂದರ ಬೆನ್ನಿಗೊಂದು ಹೊರಬಿದ್ದುವು. ಒಂದು ಯು.ಆರ್.ಎಲ್. ಎಂಬ ನೆಲೆಸೂಚಿಯನ್ನು ಕುರಿತದ್ದು. ಇನ್ನೊಂದು, ನೆಲೆಯು ಬದಲಾದರೂ ಬದಲಾಗದೆ ನಿಲ್ಲಬೇಕಾದ ಯು.ಆರ್.ಎನ್. ಎಂಬ ನಾಮಸೂಚಿಯನ್ನು ಕುರಿತದ್ದು. ನೆಲೆಸೂಚಿಯನ್ನು ಬಳಸಲು ಯಂತ್ರವೊಂದಿದ್ದರೆ ಸಾಕಾಗಿದ್ದಿತು. ನಾಮಸೂಚಿಗೆ ಹೆಸರಿನಿಂದ ವಸ್ತುವನ್ನು ಹುಡುಕಿಕೊಡುವ ಜಾಲವೇ ಬೇಕಾಗಿದ್ದಿತು. ಅಂಥ ಜಾಲವಿಲ್ಲದುದರಿಂದ ನೆಲೆಸೂಚಿಯು ಲೋಕಪ್ರಸಿದ್ಧವಾಯಿತು, ನಾಮಸೂಚಿಯು ಕೆಲವು ಗ್ರಂಥಾಲಯಗಳ ಬಳಕೆಗೆ ಸೀಮಿತವಾಯಿತು.

ಇದರಿಂದ ವಿದ್ವತ್ತಿಗೆ ಒದಗಿದ ಹಾನಿಯು ಅಲ್ಪವಲ್ಲ. ಅಮೆರಿಕದ ನ್ಯಾಯಶಾಸ್ತ್ರದ ಪತ್ರಿಕೆಗಳಲ್ಲಿ ಉಲ್ಲೇಖಿತವಾದ ನೆಲೆಸೂಚಿಗಳನ್ನು ಪರೀಕ್ಷಿಸಿ ಜೊನಾಥನ್ ಜಿಟ್ರೇನ್, ಕೆಂಡ್ರ ಆಲ್ಬರ್ಟ್, ಲಾರೆನ್ಸ್ ಲೆಸಿಗ್ ಇವರು ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅವುಗಳಲ್ಲಿ ನೂರಕ್ಕೆ ೭೦ಕ್ಕಿಂತ ಹೆಚ್ಚು ಸೂಚಿಗಳು ಲೇಖಕರು ಉದ್ದೇಶಿಸಿದ್ದ ಬರೆಹವನ್ನು ತೋರಿಸುತ್ತಿರಲಿಲ್ಲ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿದ್ದ ಸೂಚಿಗಳಲ್ಲಿ ಅರ್ಧದಷ್ಟರ ಗತಿಯೂ ಇದೇ ಆಗಿದ್ದಿತು. ತೀರ್ಪು ಉಳಿದಿದೆ, ತೀರ್ಪಿಗೆ ಆಧಾರವಾದ ಪತ್ರವು ಕಾಣೆಯಾಗಿದೆ. ವಿದ್ವತ್ಪತ್ರಿಕೆಗಳು ಈಗ ಬಳಸುತ್ತಿರುವ ಡಿ.ಒ.ಐ. ಎಂಬ ಸ್ಥಿರಸಂಖ್ಯೆಯು ಈ ಕೊರತೆಗೆ ಒಂದು ಪರಿಹಾರ. ಆದರೂ ಅದು ಸಂಖ್ಯೆಯ ಮುಂದೆ ಇಂದಿನ ವಿಳಾಸವನ್ನು ಬರೆದಿಟ್ಟ ಪಟ್ಟಿಯೇ. ಆ ಪಟ್ಟಿಯನ್ನು ಯಾರಾದರೂ ತಿದ್ದುತ್ತಿರುವವರೆಗೆ ಮಾತ್ರ ಅದಕ್ಕೆ ಬೆಲೆ.

೪

ವೆಬ್ಬಿನ ಬಳಕೆ ಹೆಚ್ಚಿದಂತೆ ಇನ್ನೊಂದು ತೊಡಕು ಕಂಡುಬಂದಿತು. ಲಕ್ಷಾಂತರ ಜನರು ಒಂದೇ ವಾರ್ತೆಯನ್ನು ಏಕಕಾಲದಲ್ಲಿ ಬಯಸಿದರೆ, ಒಂದೇ ಯಂತ್ರವು ಒಂದೇ ಬರೆಹವನ್ನು ಲಕ್ಷಾಂತರ ಸಾರಿ ಕಳುಹಿಸಬೇಕು. ನಡುವಣ ರೌಟರುಗಳಿಗೆ ಇವೆಲ್ಲವೂ ಬೇರೆಬೇರೆ ಪ್ಯಾಕೆಟ್ಟುಗಳೇ. ಒಳಗಿರುವುದು ಒಂದೇ ಎಂಬುದು ಅವಕ್ಕೆ ಕಾಣದು. ಸ್ಟೀವ್ ಡೀರಿಂಗರು ೧೯೮೮ರ ಸುಮಾರಿಗೆ ಒಂದು ಪ್ಯಾಕೆಟ್ಟನ್ನೇ ಹಲವರಿಗೆ ಕವಲೊಡೆಯಿಸುವ ವಿಧಾನವನ್ನು ರೂಪಿಸಿದರಾದರೂ ಅದು ಎಲ್ಲರೂ ಒಂದೇ ಕ್ಷಣದಲ್ಲಿ ಕೇಳಿದಾಗ ಮಾತ್ರ ಉಪಯುಕ್ತ. ಸಾರ್ವಜನಿಕ ಜಾಲದಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬರಲಿಲ್ಲ.

ವ್ಯವಹಾರಜ್ಞರು ಕಂಡುಕೊಂಡ ಉಪಾಯವು ಬೇರೆ. ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಟಾಮ್ ಲೇಟನ್ ಮತ್ತು ಅವರ ಶಿಷ್ಯರಾದ ಡೇನಿಯಲ್ ಲೆವಿನ್ ೧೯೯೮ರಲ್ಲಿ ಅಕಮೈ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹಣ ತೆತ್ತವರ ಬರೆಹಗಳ ಪ್ರತಿಗಳನ್ನು ನಾನಾ ದೇಶಗಳಲ್ಲಿಟ್ಟ ತಮ್ಮ ಯಂತ್ರಗಳಲ್ಲಿ ಸಂಗ್ರಹಿಸಿ, ಹೆಸರುಗಳ ಕೋಶವನ್ನು ಯಾರಾದರೂ ಕೇಳಿದಾಗ ಕೇಳಿದವನಿಗೆ ಹತ್ತಿರವಾದ ಯಂತ್ರದ ವಿಳಾಸವನ್ನು ಉತ್ತರವಾಗಿ ಕೊಡುವುದು ಇದರ ಕ್ರಮ. ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ಯಂತ್ರಕ್ಕೆ ಇಟ್ಟಿದ್ದ ಹೆಸರು ಮೆಲ್ಲಗೆ ವಸ್ತುವಿನ ಹೆಸರಾಗಿ ಮಾರ್ಪಟ್ಟಿದೆ. ಒಂದೇ ಹೆಸರಿಗೆ ಮೈಸೂರಿನಲ್ಲಿ ಒಂದು ನೆಲೆ, ಲಂಡನ್ನಿನಲ್ಲಿ ಮತ್ತೊಂದು ನೆಲೆ ಇರಬಹುದು. ಆದರೆ ಈ ಅನುಕೂಲವು ಜಾಲದ ಸಹಜಗುಣವಾಗಿ ಎಲ್ಲರಿಗೂ ದೊರೆತುದಲ್ಲ. ಜಾಲದ ಮೇಲೆ ಖಾಸಗಿಯಾಗಿ ಕಟ್ಟಿದ ಒಂದು ಮಾಳಿಗೆ ಇದು. ಇದರ ಪರಿಣಾಮವನ್ನು ಮುಂದೆ ವಿಚಾರಿಸಬೇಕಾಗಿದೆ.

ವಿದ್ಯಾಲಯಗಳಲ್ಲಿಯೂ ಶೋಧನೆ ನಡೆದಿದ್ದಿತು. ಸ್ಟ್ಯಾನ್‌ಫರ್ಡಿನ ಡೇವಿಡ್ ಚೆರಿಟನ್ ಮತ್ತು ಮಾರ್ಕ್ ಗ್ರಿಟರ್ ಇವರು ೨೦೦೦ದ ಸುಮಾರಿಗೆ ಟ್ರಯಡ್ ಎಂಬ ಯೋಜನೆಯಲ್ಲಿ, ರೌಟರುಗಳು ಹೆಸರನ್ನೇ ನೋಡಿ ದಾರಿ ತೋರಿಸಬೇಕೆಂದು ಸೂಚಿಸಿದರು. ಬ್ರಾಮ್ ಕೊಹೆನರ ೨೦೦೧ರ ಬಿಟ್‌ಟೊರೆಂಟಿನಲ್ಲಿ ಕಡತದ ತುಂಡುಗಳನ್ನು ಅವುಗಳೊಳಗಿನ ಅಕ್ಷರಗಳಿಂದಲೇ ಗಣಿಸಿದ ಗುರುತಿನಿಂದ ಪರೀಕ್ಷಿಸಿ ಅಪರಿಚಿತರಿಂದಲೂ ಪಡೆಯುವುದು ಸಾಧ್ಯವಾಯಿತು. ಕೊಟ್ಟವನು ಯಾರೆಂಬುದು ಮುಖ್ಯವಲ್ಲ, ಕೊಟ್ಟುದು ಸರಿಯಾಗಿದೆಯೆ ಎಂಬುದೇ ಮುಖ್ಯ ಎಂಬ ನಂಬುಗೆಗೆ ಇದು ದೊಡ್ಡ ಪ್ರಮಾಣದ ಸಾಕ್ಷಿ.

೫

ಈ ಚದುರಿದ ವಿಚಾರಗಳನ್ನು ಒಟ್ಟುಗೂಡಿಸಿ ಒಂದು ಸಿದ್ಧಾಂತವಾಗಿ ನಿಲ್ಲಿಸಿದವರಲ್ಲಿ ವ್ಯಾನ್ ಜೇಕಬ್‌ಸನ್ನರು ಪ್ರಮುಖರು. ಹಳೆಯ ಜಾಲದ ಗುಣದೋಷಗಳನ್ನು ಇವರಷ್ಟು ಬಲ್ಲವರು ವಿರಳ. ೧೯೮೬ನೆಯ ಇಸವಿ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಗೂ ಕೇವಲ ೪೦೦ ಗಜ ದೂರದಲ್ಲಿದ್ದ ಬರ್ಕ್ಲಿಯ ವಿಶ್ವವಿದ್ಯಾನಿಲಯಕ್ಕೂ ನಡುವಣ ಸಂಚಾರದ ವೇಗವು ಸೆಕೆಂಡಿಗೆ ೩೨,೦೦೦ ಬಿಟ್ಟುಗಳಿಂದ ೪೦ ಬಿಟ್ಟುಗಳಿಗೆ ಕುಸಿದಿದ್ದಿತು. ಪ್ಯಾಕೆಟ್ಟುಗಳ ದಟ್ಟಣೆಯಿಂದಾದ ಈ ಕುಸಿತಕ್ಕೆ ಇವರು ಮೈಕೇಲ್ ಕ್ಯಾರೆಲ್ಸರೊಡನೆ ಕಂಡುಹಿಡಿದು ೧೯೮೮ರಲ್ಲಿ ಪ್ರಕಟಿಸಿದ ಪರಿಹಾರವೇ ಇಂಟರ್‌ನೆಟ್ಟನ್ನು ಉಳಿಸಿತೆಂದು ತಜ್ಞರ ಮತ. ಇಂಥವರು ೨೦೦೬ರಲ್ಲಿ ಒಂದು ಉಪನ್ಯಾಸದಲ್ಲಿ, ಜಾಲವು ಇಬ್ಬರ ಸಂಭಾಷಣೆಗಾಗಿ ಕಟ್ಟಿದ್ದು, ಆದರೆ ಜನರು ಅದನ್ನು ಮಾಹಿತಿಯ ಹಂಚಿಕೆಗಾಗಿ ಬಳಸುತ್ತಿರುವರು, ಆದುದರಿಂದ ಎರಡನೆಯ ಪಲ್ಲಟವೊಂದು ಆಗಲೇಬೇಕು ಎಂದು ವಾದಿಸಿದುದು ಗಮನವನ್ನು ಸೆಳೆದುದರಲ್ಲಿ ಆಶ್ಚರ್ಯವಿಲ್ಲ. ೨೦೦೯ರಲ್ಲಿ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ಸಹೋದ್ಯೋಗಿಗಳೊಡನೆ ಅವರು ಪ್ರಕಟಿಸಿದ ಪ್ರಬಂಧವು ಈ ಪಂಥಕ್ಕೆ ಮೂಲಗ್ರಂಥದಂತಿದೆ.

ಅದರ ರಚನೆಯ ಸಾರವು ಹೀಗಿದೆ. ಜಾಲದಲ್ಲಿ ಸಂಚರಿಸುವ ಪ್ಯಾಕೆಟ್ಟುಗಳು ಎರಡೇ ಬಗೆ: ಕೋರಿಕೆ ಮತ್ತು ಮಾಹಿತಿ. ಕೋರಿಕೆಯ ಮೇಲೆ ಬೇಕಾದ ವಸ್ತುವಿನ ಹೆಸರಿರುತ್ತದೆ. ಕಳುಹಿಸುವವನ ವಿಳಾಸವೂ ಇಲ್ಲ, ಸೇರಬೇಕಾದ ವಿಳಾಸವೂ ಇಲ್ಲ. ಹೆಸರು ಗ್ರಂಥಾಲಯದ ವರ್ಗೀಕರಣದಂತೆ ಮೆಟ್ಟಲುಮೆಟ್ಟಲಾಗಿ ಇರುತ್ತದೆ: ಪರಿಷತ್ತು, ಅದರ ಪತ್ರಿಕೆ, ಸಂಪುಟ, ಸಂಚಿಕೆ, ಲೇಖನ, ಲೇಖನದ ಇಷ್ಟನೆಯ ತುಂಡು, ಹೀಗೆ. ಪ್ರತಿಯೊಂದು ರೌಟರಿನಲ್ಲಿಯೂ ಮೂರು ಸಾಧನಗಳುಂಟು. ಮೊದಲನೆಯದು ಪ್ರತಿಗಳ ಉಗ್ರಾಣ. ಕೋರಿಕೆಯು ಬಂದೊಡನೆ ಅಲ್ಲಿ ಹುಡುಕಿ, ಇದ್ದರೆ ಅಲ್ಲಿಂದಲೇ ಕೊಟ್ಟುಬಿಡುವುದು. ಇಲ್ಲದಿದ್ದರೆ ಎರಡನೆಯದಾದ ಬಾಕಿಯ ಪಟ್ಟಿಯನ್ನು ನೋಡುವುದು. ಅದೇ ಹೆಸರಿನ ಕೋರಿಕೆ ಆಗಲೇ ಮುಂದಕ್ಕೆ ಹೋಗಿದ್ದರೆ, ಈ ಹೊಸ ಕೋರಿಕೆ ಯಾವ ಬಾಗಿಲಿಂದ ಬಂದಿತೆಂಬುದನ್ನು ಮಾತ್ರ ಬರೆದುಕೊಂಡು ಸುಮ್ಮನಿರುವುದು. ಹೋಗಿಲ್ಲದಿದ್ದರೆ ಬಾಕಿಯ ಪಟ್ಟಿಯಲ್ಲಿ ಅದನ್ನೂ ಬರೆದುಕೊಂಡು, ಮೂರನೆಯದಾದ ದಾರಿಯ ಪಟ್ಟಿಯಲ್ಲಿ ಹೆಸರಿನ ಮುಂಭಾಗಕ್ಕೆ ಅತಿ ಹೆಚ್ಚಾಗಿ ಹೊಂದುವ ದಿಕ್ಕನ್ನು ಹುಡುಕಿ ಮುಂದಕ್ಕೆ ಕಳುಹಿಸುವುದು. ಮಾಹಿತಿಯು ದೊರೆತಾಗ ಅದು ಕೋರಿಕೆಯು ಬಿಟ್ಟುಹೋದ ಹೆಜ್ಜೆಯ ಗುರುತುಗಳನ್ನೇ ಹಿಡಿದು ಹಿಂದಕ್ಕೆ ಬರುತ್ತದೆ, ಬರುತ್ತ ಪ್ರತಿಯೊಂದು ಉಗ್ರಾಣದಲ್ಲಿಯೂ ತನ್ನ ಪ್ರತಿಯನ್ನು ಉಳಿಸಬಲ್ಲುದು.

ಈ ಸರಳವಾದ ಕ್ರಮದಿಂದ ಹಲವು ಫಲಗಳು ಒಮ್ಮೆಲೇ ಒದಗುತ್ತವೆ. ಲಕ್ಷ ಜನರು ಒಂದನ್ನೇ ಕೇಳಿದರೂ ಒಂದು ಕೊಂಡಿಯ ಮೇಲೆ ಅದು ಒಂದೇ ಸಾರಿ ಹೋದರೆ ಸಾಕು. ಒಂದು ಕೋರಿಕೆಗೆ ಒಂದು ಮಾಹಿತಿಯೆಂಬ ಕಟ್ಟಳೆಯಿರುವುದರಿಂದ, ಕೇಳದೆ ಬಂದ ಸರಕಿನಿಂದ ದಾರಿಯು ಕಿಕ್ಕಿರಿಯುವುದಿಲ್ಲ. ಓದುಗನು ಊರಿಂದೂರಿಗೆ ಚಲಿಸುತ್ತಿದ್ದರೆ ಹೊಸ ಊರಿನಿಂದ ಕೋರಿಕೆಯನ್ನು ಮತ್ತೆ ಕಳುಹಿಸಿದರೆ ಮುಗಿಯಿತು. ದೊಡ್ಡ ಸಂಸ್ಥೆಯ ಯಂತ್ರಕ್ಕೂ ಸಣ್ಣ ಪರಿಷತ್ತಿನ ಯಂತ್ರಕ್ಕೂ ಪ್ರತಿಗಳನ್ನು ಹರಡುವ ಸೌಕರ್ಯವು ಜಾಲದಿಂದಲೇ ಸಮಾನವಾಗಿ ದೊರೆಯುತ್ತದೆ.

೬

ಎಲ್ಲಿಂದಲೋ ಬಂದ ಪ್ರತಿಯನ್ನು ನಂಬುವುದು ಹೇಗೆ? ಈ ಸಿದ್ಧಾಂತವು ನಿಲ್ಲುವುದೂ ಬೀಳುವುದೂ ಈ ಪ್ರಶ್ನೆಯ ಮೇಲೆಯೇ. ಹಳೆಯ ಜಾಲದಲ್ಲಿ ನಂಬಿಕೆಯು ದಾರಿಗೆ ಸೇರಿದುದು. ಸರಿಯಾದ ಯಂತ್ರದೊಡನೆ ಮುಚ್ಚಿದ ಕೊಳವೆಯೊಂದನ್ನು ಕಟ್ಟಿಕೊಂಡರೆ ಅದರೊಳಗಿಂದ ಬಂದುದೆಲ್ಲ ಸರಿಯೆಂದು ಭಾವಿಸಲಾಗುತ್ತದೆ. ಕೊಳವೆಯಿಂದ ಹೊರಬಿದ್ದ ಮರುಕ್ಷಣವೇ ಆ ಬರೆಹಕ್ಕೆ ಯಾವ ಪ್ರಮಾಣವೂ ಉಳಿಯುವುದಿಲ್ಲ. ಹೊಸ ರಚನೆಯಲ್ಲಿ ಪ್ರಕಟಿಸಿದವನು ಹೆಸರನ್ನೂ ಬರೆಹವನ್ನೂ ಒಟ್ಟಿಗೆ ಸೇರಿಸಿ ಗಣಿತದ ಮುದ್ರೆಯೊಂದನ್ನು ಒತ್ತುತ್ತಾನೆ. ೧೯೭೬ರಲ್ಲಿ ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದ ಬಹಿರಂಗ ಕೀಲಿಯ ತತ್ತ್ವದಿಂದ ಇದು ಸಾಧ್ಯವಾಯಿತು. ಮುದ್ರೆಯನ್ನು ಒತ್ತಲು ಒಡೆಯನಿಗೆ ಮಾತ್ರ ತಿಳಿದಿರುವ ಕೀಲಿ ಬೇಕು. ಪರೀಕ್ಷಿಸಲು ಎಲ್ಲರಿಗೂ ತಿಳಿದಿರುವ ಕೀಲಿ ಸಾಕು. ಬರೆಹದಲ್ಲಿ ಒಂದಕ್ಷರ ಬದಲಾದರೂ ಮುದ್ರೆಯು ಹೊಂದುವುದಿಲ್ಲ.

ಕನ್ನಡ ನಾಡಿನ ಶಾಸನಗಳನ್ನು ವ್ಯಾಸಂಗಮಾಡಿದವರಿಗೆ ಈ ವಿಚಾರವು ಪರಿಚಿತವಾದುದು. ಚಾಲುಕ್ಯರ ತಾಮ್ರಶಾಸನಕ್ಕೆ ವರಾಹಮುದ್ರೆ, ರಾಷ್ಟ್ರಕೂಟರದಕ್ಕೆ ಗರುಡಮುದ್ರೆ, ಗಂಗರದಕ್ಕೆ ಆನೆಯ ಮುದ್ರೆ ಇರುವುದು, ಫಲಕಗಳು ಕೈಯಿಂದ ಕೈಗೆ ಎಷ್ಟು ದಾಟಿದರೂ ಪ್ರಮಾಣವು ಅವುಗಳೊಡನೆಯೇ ಸಾಗಲೆಂದು. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟರು ವಾದಿಸಿ, ಬಿ. ಎಲ್. ರೈಸರು ಅದನ್ನು ಒಪ್ಪದೆಹೋದಾಗ, ವಿವಾದವು ಮುಖ್ಯವಾಗಿ ನಡೆದುದು ಲಿಪಿ, ಕಾಲಗಣನೆ, ವಂಶಾವಳಿ ಮುಂತಾದ ಒಳಗಣ ಸಾಕ್ಷ್ಯಗಳ ಮೇಲೆ. ಫಲಕವು ಯಾರ ಮನೆಯಲ್ಲಿ ದೊರೆಯಿತೆಂಬುದು ನಿರ್ಣಾಯಕವಾಗಲಿಲ್ಲ. ಆದರೆ ಮುದ್ರೆಯಿದ್ದ ಮಾತ್ರಕ್ಕೆ ಸಂಶಯವು ತೀರಲಿಲ್ಲವೆಂಬುದನ್ನೂ ಆ ವಿವಾದವು ತೋರಿಸುತ್ತದೆ. ಮುದ್ರೆಯು ನಿಜವಾಗಿಯೂ ಆ ಅರಸನದೆಂಬುದನ್ನು ಬೇರೆ ಆಧಾರಗಳಿಂದ ತಿಳಿಯಬೇಕು. ಜಾಲದಲ್ಲಿಯೂ ಹೀಗೆಯೇ: ಈ ಕೀಲಿಯು ಈ ಪರಿಷತ್ತಿನದೆಂದು ಹೇಳುವ ಅಧಿಕಾರವು ಯಾರದೆಂಬ ಪ್ರಶ್ನೆಯು ಗಣಿತದಿಂದ ಪರಿಹಾರವಾಗತಕ್ಕದ್ದಲ್ಲ.

೭

ಈ ಪ್ರಶ್ನೆಯೇ ಪಂಥಗಳ ಭೇದಕ್ಕೆ ಕಾರಣವಾಯಿತು. ಬರ್ಕ್ಲಿಯ ವಿದ್ವಾಂಸರು ೨೦೦೭ರಲ್ಲಿ ಪ್ರಕಟಿಸಿದ ಡೋನಾ ಎಂಬ ರಚನೆಯಲ್ಲಿ ಹೆಸರಿಗೆ ಮೆಟ್ಟಲುಗಳಿಲ್ಲ. ಪ್ರಕಟಿಸಿದವನ ಕೀಲಿಯಿಂದ ಗಣಿಸಿದ ಒಂದು ಸಂಖ್ಯೆ, ಅದರ ಮುಂದೆ ವಸ್ತುವಿನ ಗುರುತು, ಇಷ್ಟೇ ಹೆಸರು. ಇಂಥ ಹೆಸರು ತನ್ನ ಪ್ರಮಾಣವನ್ನು ತಾನೇ ಹೊತ್ತಿರುತ್ತದೆ. ಆದರೆ ಅದನ್ನು ಓದಿ ಅರ್ಥಮಾಡಿಕೊಳ್ಳುವುದು ಮನುಷ್ಯರಿಗೆ ಆಗದು. ಜೇಕಬ್‌ಸನ್ನರ ಪಂಥದ ಹೆಸರು ಓದಲು ಬರುತ್ತದೆ. ಆದರೆ ಅದಕ್ಕೂ ಕೀಲಿಗೂ ಇರುವ ಸಂಬಂಧವನ್ನು ಹೊರಗಿನಿಂದ ಸ್ಥಾಪಿಸಬೇಕು. ಮನುಷ್ಯರಿಗೆ ಅರ್ಥವಾಗುವುದು, ವಂಚನೆಗೆ ಎಡೆಗೊಡದಿರುವುದು, ಒಬ್ಬ ಅಧಿಕಾರಿಯ ಕೈಯಲ್ಲಿ ಇರದಿರುವುದು, ಈ ಮೂರು ಗುಣಗಳೂ ಒಂದೇ ಹೆಸರಿನಲ್ಲಿ ಕೂಡುವುದು ದುರ್ಲಭವೆಂದು ೨೦೦೧ರಲ್ಲಿಯೇ ಜೂಕೋ ಎಂಬವರು ಸೂಚಿಸಿದ್ದರು.

ಯೂರೋಪಿನಲ್ಲಿ ೨೦೦೮ರಿಂದ ನಡೆದ ಪಿಸರ್ಪ್ ಮತ್ತು ಅದರ ಮುಂದುವರಿಕೆಯಾದ ಪರ್ಸೂಟ್ ಎಂಬ ಯೋಜನೆಗಳು ಇನ್ನೊಂದು ದಾರಿಯನ್ನು ಹಿಡಿದುವು. ಅಲ್ಲಿ ಪ್ರಕಟಿಸುವವನೂ ಬಯಸುವವನೂ ಸಂಧಿಸುವುದಕ್ಕೆ ಪ್ರತ್ಯೇಕವಾದ ಸಂಕೇತಸ್ಥಾನವುಂಟು. ದಾರಿಯನ್ನು ಗೊತ್ತುಮಾಡುವ ಕೆಲಸವು ಅದರಿಂದ ಬೇರೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ೨೦೧೦ರಲ್ಲಿ ಭಾವೀ ಜಾಲಗಳ ರಚನೆಗಾಗಿ ನಾಲ್ಕು ಯೋಜನೆಗಳಿಗೆ ಧನಸಹಾಯವನ್ನು ಕೊಟ್ಟಾಗ, ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದ ಲಿಶಿಯಾ ಜಾಂಗರ ನೇತೃತ್ವದಲ್ಲಿ ನಾಮಾಂಕಿತ ಮಾಹಿತಿಜಾಲವೆಂಬ ಯೋಜನೆಯು ಅವುಗಳಲ್ಲಿ ಒಂದಾಯಿತು. ಆರ್ಪಾನೆಟ್ಟಿನ ಮೊದಲ ಸಂದೇಶವು ಹೊರಟ ವಿದ್ಯಾಲಯವೇ ಅದರ ತತ್ತ್ವವನ್ನು ಪ್ರಶ್ನಿಸುವ ಪ್ರಯತ್ನಕ್ಕೂ ಕೇಂದ್ರವಾದುದು ಗಮನಾರ್ಹ.

೮

ಆಕ್ಷೇಪಗಳು ಪ್ರಬಲವಾಗಿಯೇ ಬಂದುವು. ಮೊದಲನೆಯದು ಗಾತ್ರದ ಆಕ್ಷೇಪ. ಇಂಟರ್‌ನೆಟ್ಟಿನ ನಡುವಣ ರೌಟರುಗಳು ನೆನಪಿಡಬೇಕಾದ ವಿಳಾಸಸಮೂಹಗಳು ಲಕ್ಷಗಳ ಲೆಕ್ಕದವು. ವೆಬ್ಬಿನ ಪುಟಗಳ ನೆಲೆಸೂಚಿಗಳಾದರೋ ಒಂದು ಲಕ್ಷ ಕೋಟಿಯನ್ನು ಮುಟ್ಟಿದುದನ್ನು ತಾನು ಕಂಡುದಾಗಿ ಗೂಗಲ್ ಸಂಸ್ಥೆಯು ೨೦೦೮ರಲ್ಲಿಯೇ ತಿಳಿಸಿದ್ದಿತು. ಹೆಸರಿನ ಮುಂಭಾಗವನ್ನು ಮಾತ್ರ ನೆನಪಿಟ್ಟರೆ ಸಾಕೆಂಬುದು ಸಮಾಧಾನವಾದರೂ, ಹೆಸರುಗಳು ನೆಲೆಗಳಂತೆ ಅಚ್ಚುಕಟ್ಟಾಗಿ ಗುಂಪುಗೂಡುವುದಿಲ್ಲ. ಎರಡನೆಯದು ಗೋಪ್ಯತೆಯ ಆಕ್ಷೇಪ. ಬಯಸಿದುದರ ಹೆಸರನ್ನೇ ಹೊದಿಕೆಯ ಮೇಲೆ ಬರೆದರೆ, ಯಾರು ಕೇಳಿದರೆಂಬುದು ಮರೆಯಾದರೂ ಏನನ್ನು ಕೇಳಿದರೆಂಬುದು ದಾರಿಯುದ್ದಕ್ಕೂ ಬಯಲಾಗುತ್ತದೆ. ಮೂರನೆಯದು, ಇಲ್ಲದ ಹೆಸರುಗಳನ್ನು ಒಂದೇ ಸಮನೆ ಕೋರಿ ಬಾಕಿಯ ಪಟ್ಟಿಯನ್ನು ತುಂಬಿಸಿ ರೌಟರನ್ನು ಕೆಡಿಸಬಹುದೆಂಬುದು.

ನಾಲ್ಕನೆಯ ಆಕ್ಷೇಪವು ಇವೆಲ್ಲಕ್ಕಿಂತ ಮರ್ಮಭೇದಕವಾದುದು. ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಬಂಧವು, ಎಲ್ಲ ರೌಟರುಗಳಲ್ಲಿಯೂ ಪ್ರತಿಗಳನ್ನಿಡುವುದರಿಂದ ಬರುವ ಲಾಭದ ಹೆಚ್ಚಿನ ಪಾಲು ಜಾಲದ ಅಂಚಿನಲ್ಲಿ ಮಾತ್ರ ಪ್ರತಿಗಳನ್ನಿಟ್ಟರೂ ದೊರೆಯುತ್ತದೆಂದು ತೋರಿಸಿತು. ಲಾಭದ ಬಹುಭಾಗವು ಹಳೆಯ ಮನೆಯಲ್ಲಿದ್ದುಕೊಂಡೇ ದೊರೆಯುವುದಾದರೆ ಅಡಿಪಾಯವನ್ನು ಕೀಳುವವರು ಯಾರು? ಇದರ ಜೊತೆಗೆ, ಆ ದಶಕದಲ್ಲಿ ವೆಬ್ಬಿನ ಸಂಚಾರವು ಬಹುಮಟ್ಟಿಗೆ ಮುಚ್ಚಿದ ಕೊಳವೆಗಳೊಳಕ್ಕೆ ಸೇರಿತು. ಗೋಪ್ಯತೆಗೆ ಇದರಿಂದಾದ ಉಪಕಾರವು ದೊಡ್ಡದು. ಆದರೆ ನಡುವೆ ಪ್ರತಿಯನ್ನಿಟ್ಟುಕೊಂಡು ಹಂಚಬಲ್ಲ ಸಾಮಾನ್ಯ ಉಗ್ರಾಣಗಳು ಇದರಿಂದ ಕುರುಡಾದುವು. ಪ್ರಕಟಿಸುವವರು ತಮ್ಮ ಕೊಳವೆಯ ಬಾಯನ್ನೇ ಒಪ್ಪಿಸಿಕೊಟ್ಟ ಕೆಲವು ಹಂಚಿಕೆಯ ಸಂಸ್ಥೆಗಳು ಮಾತ್ರ ಪ್ರತಿಗಳ ಪಾಲಕರಾಗಿ ಉಳಿದುವು.

ಹೀಗಾಗಿ ಮಾಹಿತಿಪ್ರಧಾನ ರಚನೆಯು ಹಳೆಯ ಜಾಲವನ್ನು ಪಲ್ಲಟಗೊಳಿಸಲಿಲ್ಲ. ಇಂಟರ್‌ನೆಟ್ ಸಂಶೋಧನಾ ಕಾರ್ಯಪಡೆಯಲ್ಲಿ ೨೦೧೨ರಲ್ಲಿ ಇದಕ್ಕಾಗಿ ಒಂದು ಮಂಡಲಿಯು ಏರ್ಪಟ್ಟು, ಅದರ ನಿಯಮಪತ್ರಗಳು ೨೦೧೯ರಲ್ಲಿ ಪ್ರಯೋಗಾರ್ಥವಾಗಿ ಪ್ರಕಟವಾದುವು. ಆದರೆ ತತ್ತ್ವವು ಸೋತಿತೆಂದು ಹೇಳುವುದು ಅವಸರದ ಮಾತು. ಲೀನಸ್ ಟೊರ್ವಾಲ್ಡ್ಸರು ೨೦೦೫ರಲ್ಲಿ ನಿರ್ಮಿಸಿದ ಗಿಟ್ ಎಂಬ ಸಾಧನದಲ್ಲಿ ಪ್ರತಿಯೊಂದು ಪಾಠದ ಹೆಸರೂ ಆ ಪಾಠದ ಅಕ್ಷರಗಳಿಂದಲೇ ಗಣಿಸಿದುದು. ಲೋಕದ ತಂತ್ರಾಂಶಗಳ ಬಹುಭಾಗವು ಇಂದು ಇದರ ಆಶ್ರಯದಲ್ಲಿದೆ. ಸರ್ನ್ ಸಂಸ್ಥೆಯ ಕಣಪ್ರಯೋಗಗಳ ಅಪಾರವಾದ ದತ್ತಾಂಶವು ಹಲವು ಖಂಡಗಳ ಕೇಂದ್ರಗಳಲ್ಲಿ ಹರಡಿರುವುದರಿಂದ, ಅದನ್ನು ಹೆಸರಿನಿಂದಲೇ ತರಿಸುವ ಪ್ರಯೋಗಗಳನ್ನು ೨೦೨೦ರ ತರುವಾಯ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳು ಕೈಗೊಂಡುವು. ನೆಲೆಸೂಚಿಯು ಹುಟ್ಟಿದ ಸಂಸ್ಥೆಯ ದತ್ತಾಂಶಕ್ಕೇ ನಾಮಸೂಚಿಯ ಅಗತ್ಯವು ಕಂಡುಬಂದುದು ಇತಿಹಾಸದ ಒಂದು ವಿನೋದ.

೯

ಮೇಲಿನ ವಿಚಾರದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ನೆಲೆಯನ್ನು ಆಧರಿಸಿದ ಜಾಲವು ತಪ್ಪುಕಲ್ಪನೆಯಿಂದ ಹುಟ್ಟಿದುದಲ್ಲ; ಯಂತ್ರವೇ ಅಪರೂಪದ ವಸ್ತುವಾಗಿದ್ದ ಕಾಲಕ್ಕೆ ಅದು ಯುಕ್ತವಾದ ಕ್ರಮ. ಯಂತ್ರಗಳು ಅಗ್ಗವಾಗಿ ಮಾಹಿತಿಯು ಮುಖ್ಯವಾದ ಮೇಲೆ ಅದರ ಕೊರತೆಗಳು ಕಂಡುವು. ಆ ಕೊರತೆಗಳನ್ನು ಜಾಲದೊಳಗೆ ಸರಿಪಡಿಸುವ ಬದಲು ಅದರ ಮೇಲೆ ಸರಿಪಡಿಸಿದುದರಿಂದ ಕೆಲಸವು ನಡೆಯಿತು. ಆದರೆ ಪ್ರತಿಗಳನ್ನು ಇಡುವ, ಹಂಚುವ, ಪ್ರಮಾಣೀಕರಿಸುವ ಅಧಿಕಾರವು ಜಾಲದ ಸಾಮಾನ್ಯ ಸ್ವತ್ತಾಗದೆ ಕೆಲವೇ ಸಂಸ್ಥೆಗಳ ಕೈಸೇರಿತು. ಮಾಹಿತಿಪ್ರಧಾನ ರಚನೆಯನ್ನು ವೇಗಕ್ಕಾಗಿ ಬೇಕೆಂದು ವಾದಿಸಿದವರಿಗೆ ೨೦೧೩ರ ಪ್ರಬಂಧವು ತಕ್ಕ ಉತ್ತರವಾಗಿರಬಹುದು. ಪ್ರಮಾಣವು ಬರೆಹದೊಡನೆಯೇ ಸಾಗಬೇಕು ಎಂಬ ವಾದಕ್ಕೆ ಅದು ಉತ್ತರವಲ್ಲ.

ಹಳೆಯ ಕಾವ್ಯಗಳು ಉಳಿದುಬಂದುದು ಯಾವ ಒಂದು ಭಂಡಾರದ ಬಲದಿಂದಲೂ ಅಲ್ಲ. ಹೆಸರು ಒಂದೇ ಆಗಿ ಪ್ರತಿಗಳು ಹಲವಾಗಿದ್ದುದರಿಂದ. ಇಂದು ಕನ್ನಡದ ಬರೆಹಗಳೂ ದೊಡ್ಡ ಪ್ರಮಾಣದಲ್ಲಿ ಜಾಲವನ್ನು ಸೇರುತ್ತಿರುವಾಗ, ಅವುಗಳನ್ನು ಉಲ್ಲೇಖಿಸುವ ವಿದ್ವಾಂಸರು ತಾವು ಕೊಡುತ್ತಿರುವುದು ಬರೆಹದ ಹೆಸರನ್ನೋ ಅಥವಾ ಅದನ್ನಿಟ್ಟಿರುವ ಯಂತ್ರದ ವಿಳಾಸವನ್ನೋ ಎಂಬುದನ್ನು ವಿವೇಚಿಸುವುದು ಅವಶ್ಯವಾಗಿದೆ. ವಿಳಾಸವನ್ನು ಮಾತ್ರ ಕೊಟ್ಟ ಉಲ್ಲೇಖವು, ಮುಂದಿನ ತಲೆಮಾರಿನ ಓದುಗನಿಗೆ, ಮನೆಯ ಗುರುತನ್ನು ಹೇಳಿ ಗ್ರಂಥದ ಹೆಸರನ್ನು ಹೇಳದೆ ಬಿಟ್ಟಂತೆಯೇ ಸರಿ.